ಸೆಕೆಂಡರಿಗಿಂತ ಮೊದಲು ಡಿಫೆನ್ಸಿವ್ ಲೈನ್ ಏಕೆ? ಅಮೆರಿಕನ್ ಫುಟ್‌ಬಾಲ್ ತಂಡ ಕಟ್ಟುವವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದು ತಂಡದ ರಕ್ಷಣೆ ಸೋರುತ್ತಿದೆ ಎಂದಾಗ ಅಭಿಮಾನಿಗಳು ಮೊದಲು ಕೇಳುವುದು ಹೊಸ ಕಾರ್ನರ್‌ಬ್ಯಾಕ್‌ನನ್ನು. ತಂಡದ ಜನರಲ್ ಮ್ಯಾನೇಜರ್ ಮಾತ್ರ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ದಿನ ಮತ್ತೊಬ್ಬ ದಢೂತಿ ಟ್ಯಾಕಲ್‌ನನ್ನು ಆರಿಸಿ ಎಲ್ಲರ ಬೈಗುಳಕ್ಕೆ ಗುರಿಯಾಗುತ್ತಾನೆ. ಅವನ ಲೆಕ್ಕಾಚಾರ ಏನು, ಅದು ಎಲ್ಲಿಯವರೆಗೆ ಸರಿ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಡಿಫೆನ್ಸಿವ್ ಲೈನ್ ಎಂದರೆ ಯಾರು, ಸೆಕೆಂಡರಿ ಎಂದರೆ ಯಾರು?

ಚೆಂಡು ಇಟ್ಟಿರುವ ಗೆರೆಯಲ್ಲಿ, ಎದುರಾಳಿಯ ಐವರು ತಡೆಗಾರರಿಗೆ ಮುಖಾಮುಖಿಯಾಗಿ ನಿಲ್ಲುವವರು ಡಿಫೆನ್ಸಿವ್ ಲೈನಿನವರು. ಇವರು ಸಾಮಾನ್ಯವಾಗಿ ನಾಲ್ವರು. ಒಳಗಡೆ ನಿಲ್ಲುವ ಟ್ಯಾಕಲ್‌ಗಳು ಬಹುಮಟ್ಟಿಗೆ 300 ಪೌಂಡ್, ಅಂದರೆ ಸುಮಾರು 136 ಕಿಲೋ ತೂಗುವವರು. ಎರಡು ಅಂಚುಗಳಲ್ಲಿ ನಿಂತು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವವರನ್ನು ಈಗ ಎಡ್ಜ್ ರಷರ್ ಎಂದೇ ಕರೆಯುತ್ತಾರೆ. ಕೆಲವು ತಂಡಗಳ ಪಟ್ಟಿಯಲ್ಲಿ ಇವರನ್ನು ಲೈನ್‌ಬ್ಯಾಕರ್ (ಲೈನಿನ ಹಿಂದೆ ನಿಲ್ಲುವವನು) ಎಂದು ನಮೂದಿಸಿದ್ದರೂ ಮಾಡುವ ಕೆಲಸ ಅದೇ ಆಗಿರುವುದರಿಂದ ಈ ಬರಹದಲ್ಲಿ ಅವರನ್ನು ಲೈನಿಗೇ ಸೇರಿಸಿಕೊಂಡಿದ್ದೇನೆ.

ಸೆಕೆಂಡರಿ ಎಂದರೆ ಹಿಂದೆ ನಿಂತು, ಎಸೆದ ಚೆಂಡು ಹಿಡಿಯಲು ಓಡುವ ರಿಸೀವರ್‌ಗಳನ್ನು ಕಾಯುವ ಕಾರ್ನರ್‌ಬ್ಯಾಕ್‌ಗಳು ಮತ್ತು ಸೇಫ್ಟಿಗಳು. ಮೊದಲೆಲ್ಲ ನಾಲ್ವರು ಸಾಕಾಗುತ್ತಿತ್ತು. ಎದುರಾಳಿಗಳು ಮೂವರು ರಿಸೀವರ್‌ಗಳನ್ನು ಇಳಿಸುವುದು ರೂಢಿಯಾದ ಮೇಲೆ ಐದನೆಯವನಾದ ನಿಕಲ್‌ಬ್ಯಾಕ್ ಕೂಡ ಹೆಚ್ಚುಕಡಿಮೆ ಕಾಯಂ ಆಟಗಾರನಾಗಿದ್ದಾನೆ. ಕಾರ್ನರ್, ಕವರ್ ಎಂಬ ಪದಗಳು ಕಬಡ್ಡಿ ನೋಡುವವರಿಗೆ ಹೊಸತಲ್ಲ, ಆದರೆ ಇಲ್ಲಿ ಅವುಗಳ ಅರ್ಥ ಬೇರೆ.

ಎರಡನ್ನೂ ಒಟ್ಟಿಗೆ ಬಲಪಡಿಸಿದರೆ ಆಗದೇ?

ಹಣಕ್ಕೆ ಮಿತಿಯಿದೆ. 2025ರ ಋತುವಿಗೆ ಪ್ರತಿ ತಂಡದ ಸಂಬಳದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, 27.92 ಕೋಟಿ ಡಾಲರ್ ಆಗಿತ್ತು. ಅದರಲ್ಲೇ 53 ಜನರ ತಂಡವನ್ನು ಸಾಕಬೇಕು, ಕ್ವಾರ್ಟರ್‌ಬ್ಯಾಕ್‌ನ ದೊಡ್ಡ ಪಾಲನ್ನೂ ಕೊಡಬೇಕು. ಡ್ರಾಫ್ಟ್‌ನಲ್ಲಿ ಏಳು ಸುತ್ತುಗಳಿದ್ದರೂ ಬಂದ ವರ್ಷವೇ ಆಟದ ಗತಿ ಬದಲಿಸಬಲ್ಲ ಹುಡುಗರು ಮೊದಲ ಎರಡು ಸುತ್ತುಗಳಲ್ಲೇ ಹೆಚ್ಚಾಗಿ ಖಾಲಿಯಾಗುತ್ತಾರೆ. ಆದ್ದರಿಂದ ಪ್ರಶ್ನೆ ಯಾವುದು ಬೇಕು ಎಂಬುದಲ್ಲ, ಯಾವುದು ಮೊದಲು ಎಂಬುದು.

ರಿಸೀವರ್‌ನನ್ನು ಬಿಟ್ಟುಕೊಡುವವನು ಕಾರ್ನರ್‌ಬ್ಯಾಕ್. ಹೀಗಿರುವಾಗ ಹಣವನ್ನು ಲೈನಿಗೆ ಸುರಿಯುವುದು ಯಾವ ನ್ಯಾಯ?

ಇಡೀ ವಾದ ನಿಂತಿರುವುದು ಸಮಯದ ಮೇಲೆ. ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದು) ಆದ ಕ್ಷಣದಿಂದ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಬಿಡುವವರೆಗೆ ಸರಾಸರಿ ಎರಡೂವರೆಯಿಂದ ಮೂರು ಸೆಕೆಂಡ್ ಹಿಡಿಯುತ್ತದೆ. ರಿಸೀವರ್‌ಗೆ ತಾನು ಎಲ್ಲಿ ತಿರುಗುತ್ತೇನೆ ಎಂಬುದು ಮೊದಲೇ ಗೊತ್ತಿರುತ್ತದೆ, ಅವನ ಬೆನ್ನು ಹತ್ತಿದ ಕಾರ್ನರ್‌ಬ್ಯಾಕ್‌ಗೆ ಗೊತ್ತಿರುವುದಿಲ್ಲ; ಹೀಗಾಗಿ ಎಸೆತ ತಡವಾದಷ್ಟೂ ಲಾಭ ರಿಸೀವರ್‌ನದೇ. ನಾಲ್ಕು, ಐದು ಸೆಕೆಂಡ್ ಸಿಕ್ಕಿಬಿಟ್ಟರೆ ಜಗತ್ತಿನ ಯಾವ ಕಾರ್ನರ್‌ಬ್ಯಾಕ್ ಕೂಡ ಅಂಟಿಕೊಂಡು ಓಡಲಾರ.

ನಿಯಮಗಳೂ ಅವನ ಪರವಾಗಿಲ್ಲ. 1978ರಲ್ಲಿ ತಂದ ನಿಯಮದ ಪ್ರಕಾರ ಗೆರೆಯಿಂದ ಐದು ಗಜ ದಾಟಿದ ಮೇಲೆ ರಿಸೀವರ್‌ನ ಮೈಮುಟ್ಟಿ ತಡೆಯುವಂತಿಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಕಾರ್ನರ್‌ಬ್ಯಾಕ್ ಮೆಲ್ ಬ್ಲೌಂಟ್ ರಿಸೀವರ್‌ಗಳನ್ನು ಜಜ್ಜಿಹಾಕುತ್ತಿದ್ದ ಕಾರಣ ಇದಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಪಾಸ್ ಇಂಟರ್‌ಫಿಯರೆನ್ಸ್ (ಚೆಂಡು ಹಿಡಿಯಲು ಹೋದವನಿಗೆ ನಿಯಮ ಮೀರಿ ಅಡ್ಡಿಪಡಿಸುವುದು) ಆಯಿತೆಂದರೆ ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತದೆ. ಒಂದೇ ತಪ್ಪಿಗೆ ನಲವತ್ತು ಗಜ ತೆರಬೇಕಾಗಿ ಬರುವುದೂ ಉಂಟು. ನ್ಯಾಯವಾಗಿ ಹೇಳಬೇಕೆಂದರೆ ಅದೇ 1978ರಲ್ಲಿ ತಡೆಗಾರರಿಗೂ ಕೈ ಚಾಚಿ ಅಂಗೈಯಿಂದ ತಳ್ಳುವ ಅವಕಾಶ ಕೊಟ್ಟು ಲೈನಿನವರ ಕೆಲಸವನ್ನೂ ಕಷ್ಟಗೊಳಿಸಿದರು. ಆದರೂ ಲೈನಿನವನಿಗೆ ಎದುರಿಗಿರುವವನನ್ನು ದೂಡುವ, ಎಳೆದು ಬದಿಗೊತ್ತುವ ಹಕ್ಕು ಉಳಿದಿದೆ. ಐದು ಗಜ ದಾಟಿದ ಕಾರ್ನರ್‌ಬ್ಯಾಕ್‌ಗೆ ಉಳಿದಿರುವುದು ಕಾಲು ಮತ್ತು ಕಣ್ಣು ಮಾತ್ರ.

ಈ ಮಾತಿಗೆ ನಾನು ಸದಾ ತೋರಿಸುವ ಒಂದು ಆಟವಿದೆ. 2022ರ ಫೆಬ್ರವರಿ 13ರಂದು ನಡೆದ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಲಾಸ್ ಏಂಜಲೀಸ್ ರ‍್ಯಾಮ್ಸ್ 23-20ರಿಂದ ಮುಂದಿದ್ದರು. ಒಂದು ನಿಮಿಷಕ್ಕೂ ಕಡಿಮೆ ಸಮಯ ಉಳಿದಿತ್ತು. ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್‌ಗೆ ಇನ್ನೊಂದು ಗಜ ಬೇಕಿತ್ತು. ರ‍್ಯಾಮ್ಸ್ ತಂಡದ ಕಾರ್ನರ್‌ಬ್ಯಾಕ್ ಜೇಲನ್ ರ‍್ಯಾಮ್ಸಿ ಸಾಮಾನ್ಯನಲ್ಲ, ಅವನಿಗಾಗಿ ತಂಡ 2019ರಲ್ಲಿ ಎರಡು ಮೊದಲ ಸುತ್ತಿನ ಆಯ್ಕೆಗಳನ್ನು ತೆತ್ತಿತ್ತು. ಆ ಕ್ಷಣದಲ್ಲಿ ಅವನ ಕಾಲು ಜಾರಿತು; ಬೆಂಗಾಲ್ಸ್ ರಿಸೀವರ್ ಜಮಾರ್ ಚೇಸ್ ಅವನನ್ನು ಹಿಂದೆ ಹಾಕಿ ಬಯಲಿನಲ್ಲಿ ಒಬ್ಬನೇ ಓಡುತ್ತಿದ್ದ. ಎಸೆತ ಅವನತ್ತ ಹೋಗಿದ್ದರೆ ಪಂದ್ಯದ ಫಲಿತಾಂಶವೇ ಬೇರೆಯಾಗಬಹುದಿತ್ತು. ಹೋಗಲಿಲ್ಲ, ಏಕೆಂದರೆ ಒಳಗಿನ ಟ್ಯಾಕಲ್ ಏರನ್ ಡೊನಾಲ್ಡ್ ಅಷ್ಟರೊಳಗೆ ತಡೆಗಾರನನ್ನು ದಾಟಿ ಬಂದು ಬೆಂಗಾಲ್ಸ್ ಕ್ವಾರ್ಟರ್‌ಬ್ಯಾಕ್ ಜೋ ಬರೋನ ಮೈಗೆ ತೋಳು ಸುತ್ತಿ ತಿರುಗಿಸುತ್ತಿದ್ದ. ಬೀಳುತ್ತಲೇ ಬರೋ ಎಸೆದ ಚೆಂಡು ಹತ್ತಿರದಲ್ಲೇ ನೆಲ ಕಂಡಿತು. ಸೆಕೆಂಡರಿಯ ತಪ್ಪನ್ನು ಲೈನ್ ಮುಚ್ಚಿಹಾಕುವುದು ಎಂದರೆ ಇದು. ಆ ಪಂದ್ಯದಲ್ಲಿ ಬರೋ ಏಳು ಬಾರಿ ಸ್ಯಾಕ್ ಆಗಿದ್ದ, ಅಂದರೆ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದ್ದರು.

ಒತ್ತಡವೇ ಬೇಕಿದ್ದರೆ ಬ್ಲಿಟ್ಜ್ ಮಾಡಿದರಾಯಿತಲ್ಲ?

ಬ್ಲಿಟ್ಜ್ ಎಂದರೆ ಲೈನಿನ ನಾಲ್ವರ ಜೊತೆಗೆ ಐದನೆಯವನನ್ನೋ ಆರನೆಯವನನ್ನೋ ನುಗ್ಗಿಸುವುದು. ಇದು ಸಾಲ ಮಾಡಿ ಹಬ್ಬ ಮಾಡಿದ ಹಾಗೆ. ಹನ್ನೊಂದು ಮಂದಿಯಲ್ಲಿ ನಾಲ್ವರು ನುಗ್ಗಿದರೆ ಹಿಂದೆ ಏಳು ಮಂದಿ ಉಳಿಯುತ್ತಾರೆ, ಆರು ಮಂದಿ ನುಗ್ಗಿದರೆ ಐವರು ಮಾತ್ರ. ಎದುರಾಳಿಯ ಕಡೆ ಪಾಸ್ ಹಿಡಿಯಲು ಓಡಬಲ್ಲವರೂ ಐವರೇ. ಒಬ್ಬ ಜಾರಿದರೂ ಅವನ ಹಿಂದೆ ಕಾಯುವವರಿಲ್ಲ. ನಾಲ್ವರಿಂದಲೇ ಒತ್ತಡ ತರಬಲ್ಲ ತಂಡಕ್ಕೆ ಈ ಸಾಲದ ಅಗತ್ಯವೇ ಇರುವುದಿಲ್ಲ.

ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಸೋತ ಎರಡು ಸೂಪರ್ ಬೌಲ್‌ಗಳನ್ನು ನೋಡಿ. 2021ರ ಫೆಬ್ರವರಿಯಲ್ಲಿ ಟ್ಯಾಂಪಾ ಬೇ ಬಕನೀರ್ಸ್ 31-9ರಿಂದ ಗೆದ್ದಾಗ, ಬ್ಲಿಟ್ಜ್ ಪ್ರಿಯನೆಂದೇ ಹೆಸರಾದ ರಕ್ಷಣಾ ಕೋಚ್ ಟಾಡ್ ಬೋಲ್ಸ್ ಆ ರಾತ್ರಿ ಅದನ್ನು ತೀರ ವಿರಳವಾಗಿ ಬಳಸಿದ. ಮಹೋಮ್ಸ್ ಮೇಲೆ 29 ಬಾರಿ ಒತ್ತಡ ಬಿತ್ತು, ಕ್ಯಾನ್ಸಸ್ ಸಿಟಿ ಚೀಫ್ಸ್‌ಗೆ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಗಳಿಸುವುದು) ಕೂಡ ದಕ್ಕಲಿಲ್ಲ. ಚೀಫ್ಸ್ ತಂಡದ ಎರಡೂ ಅಂಚಿನ ಕಾಯಂ ತಡೆಗಾರರು ಗಾಯಗೊಂಡು ಹೊರಗಿದ್ದರು ಎಂಬುದನ್ನೂ ಇಲ್ಲಿ ಸೇರಿಸಲೇಬೇಕು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ 40-22ರಿಂದ ಗೆದ್ದಾಗ ಅವರ ರಕ್ಷಣಾ ಕೋಚ್ ವಿಕ್ ಫ್ಯಾಂಜಿಯೋ ಇಡೀ ಪಂದ್ಯದಲ್ಲಿ ಒಮ್ಮೆಯೂ ಬ್ಲಿಟ್ಜ್ ಮಾಡಲಿಲ್ಲ. ಆದರೂ ಮಹೋಮ್ಸ್ ಆರು ಬಾರಿ ಸ್ಯಾಕ್ ಆದ, ಮೊದಲಾರ್ಧದಲ್ಲಿ ಚೀಫ್ಸ್ ಒಟ್ಟು ಗಳಿಸಿದ್ದು 23 ಗಜ. ಅದೇ ಮೊದಲಾರ್ಧದಲ್ಲಿ ಈಗಲ್ಸ್‌ನ ಹೊಸ ಹುಡುಗ ಕೂಪರ್ ಡಿಜೀನ್ ಚೆಂಡು ಕಸಿದು ಟಚ್‌ಡೌನ್ ಮಾಡಿದ. ಹೊಗಳಿಕೆಯೆಲ್ಲ ಅವನಿಗೆ ಸಂದಿತು, ತಪ್ಪಲ್ಲ. ಆದರೆ ಅದಕ್ಕೆ ಹಿಂದಿನ ಎರಡು ಯತ್ನಗಳಲ್ಲಿ ಸಾಲಾಗಿ ಎರಡು ಸ್ಯಾಕ್ ಆಗಿ, ಮೂರನೆಯ ಯತ್ನಕ್ಕೆ 16 ಗಜ ಬೇಕೆಂಬ ಇಕ್ಕಟ್ಟಿಗೆ ಚೀಫ್ಸ್ ಸಿಲುಕಿದ್ದರಿಂದಲೇ ಆ ಎಸೆತ ಹುಟ್ಟಿತು. ವೇಗದ ಬೌಲರ್ ಬ್ಯಾಟಿನ ಅಂಚು ಮುಟ್ಟಿಸಿದ್ದರಿಂದ ಸ್ಲಿಪ್‌ನವನಿಗೆ ಕ್ಯಾಚ್ ಸಿಕ್ಕಂತೆ.

ಸ್ಯಾಕ್‌ಗಳ ಎಣಿಕೆ ನೋಡಿ ಲೈನ್ ಚೆನ್ನಾಗಿದೆಯೋ ಇಲ್ಲವೋ ಹೇಳಬಹುದೇ?

ಅಷ್ಟು ಸುಲಭವಲ್ಲ. 2022ರ ಋತುವಿನಲ್ಲಿ ಇದೇ ಈಗಲ್ಸ್ 70 ಸ್ಯಾಕ್ ಗಳಿಸಿದರು; 1984ರ ಶಿಕಾಗೋ ಬೇರ್ಸ್ ದಾಖಲೆ 72 ಎಂಬುದನ್ನು ನೆನೆದರೆ ಇದರ ಗಾತ್ರ ತಿಳಿಯುತ್ತದೆ. ತಂಡದ ನಾಲ್ವರು ತಲಾ ಹತ್ತಕ್ಕೂ ಹೆಚ್ಚು ಸ್ಯಾಕ್ ಮಾಡಿದ್ದರು. ಆದರೆ ಋತುವಿನ ಕೊನೆಯ ಸೂಪರ್ ಬೌಲ್‌ನಲ್ಲಿ ಮಹೋಮ್ಸ್‌ನನ್ನು ಅವರು ಒಮ್ಮೆಯೂ ಕೆಡವಲಾಗಲಿಲ್ಲ, ಪಂದ್ಯ 38-35ರಿಂದ ಚೀಫ್ಸ್ ಪಾಲಾಯಿತು. ಜಾರುತ್ತಿದ್ದ ಹುಲ್ಲು, ಚೀಫ್ಸ್‌ನ ಗಟ್ಟಿ ತಡೆಗಾರರು, ಬೇಗ ಕೈಬಿಟ್ಟ ಎಸೆತಗಳು ಎಲ್ಲವೂ ಸೇರಿ ಹಾಗಾಯಿತು.

ಸ್ಯಾಕ್ ಎಂಬುದು ಒಂದು ಪಂದ್ಯದಲ್ಲಿ ಎರಡೋ ಮೂರೋ ಬಾರಿ ಆಗುವ ಸಂಗತಿ. ಕ್ವಾರ್ಟರ್‌ಬ್ಯಾಕ್‌ನನ್ನು ನಿಂತ ಜಾಗದಿಂದ ಕದಲಿಸುವುದು, ಅವಸರಪಡಿಸುವುದು, ಎಸೆಯುವಾಗ ಕೈಗೆ ತಾಗುವುದು ಅದಕ್ಕಿಂತ ಹಲವು ಪಟ್ಟು ಹೆಚ್ಚು ಸಲ ಆಗುತ್ತದೆ. ಟ್ಯಾಂಪಾ ಬೇ ಪಂದ್ಯದಲ್ಲಿ ಆ 29 ಒತ್ತಡಗಳಲ್ಲಿ ಸ್ಯಾಕ್ ಆದದ್ದು ಮೂರೇ ಮೂರು.

ಲೈನಿಗೆ ಎಂದು ನಿರ್ಧರಿಸಿದ ಮೇಲೆ, ಮೊದಲು ಅಂಚಿನವನೋ ಒಳಗಿನವನೋ?

ಮಾರುಕಟ್ಟೆ ಅಂಚಿನವನು ಎನ್ನುತ್ತದೆ. ನನ್ನ ಮತ ಒಳಗಿನವನಿಗೆ. ಅಂಚಿನಿಂದ ಬರುವವನು ಬಳಸಿಕೊಂಡು ಬರಬೇಕು. ಅವನು ಹತ್ತಿರವಾದಾಗ ಅನುಭವಿ ಕ್ವಾರ್ಟರ್‌ಬ್ಯಾಕ್ ಎರಡು ಹೆಜ್ಜೆ ಮುಂದಿಟ್ಟು ತಡೆಗಾರರು ಸುತ್ತುವರಿದ ಪಾಕೆಟ್‌ನೊಳಗೆ ಸರಿದರೆ ಸಾಕು, ನುಗ್ಗಿ ಬಂದವನು ಬೆನ್ನ ಹಿಂದಿನಿಂದ ಹಾದುಹೋಗುತ್ತಾನೆ. ಒಳಗಿನ ಟ್ಯಾಕಲ್ ತಡೆಗಾರರ ನಡುವಿನ ಸೆಂಟರ್‌ನನ್ನೋ ಅವನ ಪಕ್ಕದ ಗಾರ್ಡ್‌ನನ್ನೋ ಹಿಂದಕ್ಕೆ ದಬ್ಬಿಕೊಂಡು ಬಂದರೆ ಆ ಎರಡು ಹೆಜ್ಜೆಗೆ ಜಾಗವೇ ಇರುವುದಿಲ್ಲ. ಎತ್ತರ ಕಡಿಮೆಯ ಕ್ವಾರ್ಟರ್‌ಬ್ಯಾಕ್ ಆದರೆ ಎದುರಿಗೆ ಏನೂ ಕಾಣುವುದೂ ಇಲ್ಲ.

2008ರ ಫೆಬ್ರವರಿ 3ರಂದು ನ್ಯೂಯಾರ್ಕ್ ಜೈಂಟ್ಸ್ ಮಾಡಿದ್ದು ಇದನ್ನೇ. ಎದುರಿಗಿದ್ದದ್ದು ಆ ಋತುವಿನಲ್ಲಿ 589 ಅಂಕ ಗಳಿಸಿ, ಆಡಿದ 18 ಪಂದ್ಯಗಳನ್ನೂ ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಜೈಂಟ್ಸ್ ರಕ್ಷಣಾ ಕೋಚ್ ಸ್ಟೀವ್ ಸ್ಪ್ಯಾಗ್ನೋಲೋ, ಮೈಕಲ್ ಸ್ಟ್ರೇಹನ್ ಮತ್ತು ಓಸಿ ಯೂಮೆನ್ಯೋರಾರನ್ನು ಅಂಚುಗಳಲ್ಲಿಟ್ಟು, ಸ್ವಭಾವತಃ ಅಂಚಿನವನೇ ಆದ ಜಸ್ಟಿನ್ ಟಕ್‌ನನ್ನು ಪಾಸ್ ಆಗುವ ಸಂದರ್ಭಗಳಲ್ಲಿ ಒಳಕ್ಕೆ ತಂದ. ಚುರುಕು ಕಾಲಿನ ಟಕ್‌ನ ಎದುರು ಭಾರದ ಗಾರ್ಡ್‌ಗಳು ತಡವರಿಸಿದರು. ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಐದು ಬಾರಿ ನೆಲ ಕಚ್ಚಿದ. 589 ಅಂಕಗಳ ತಂಡ ಆ ದಿನ ಗಳಿಸಿದ್ದು 14, ಜೈಂಟ್ಸ್ 17.

ಇನ್ನೊಂದು ವಿಷಯ: 136 ಕಿಲೋದ ದೇಹ ಹೊತ್ತು ಪ್ರತಿ ಸ್ನ್ಯಾಪ್‌ಗೂ ನುಗ್ಗಲು ಯಾರಿಂದಲೂ ಆಗದು. ಲೈನಿನವರನ್ನು ಸರದಿಯ ಮೇಲೆ ಆಡಿಸಬೇಕಾಗುತ್ತದೆ. ಹೀಗಾಗಿ ಒಬ್ಬ ತಾರೆಯ ಬದಲು ಏಳೆಂಟು ಜನರ ಗುಂಪನ್ನು ಕಟ್ಟಿದ ತಂಡ ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅದರ ಫಲ ಉಣ್ಣುತ್ತದೆ.

ಅಂಕಿಅಂಶ ನೋಡುವವರು ಒತ್ತಡಕ್ಕಿಂತ ಕವರೇಜ್ (ರಿಸೀವರ್‌ಗಳನ್ನು ಕಾಯುವುದು) ಮುಖ್ಯ ಎನ್ನುತ್ತಾರಲ್ಲ?

ಹೌದು, ಪ್ರತಿ ಆಟಕ್ಕೂ ಅಂಕ ಕೊಡುವ ಪ್ರೋ ಫುಟ್‌ಬಾಲ್ ಫೋಕಸ್ ಸಂಸ್ಥೆಯ ವಿಶ್ಲೇಷಕರು ಹಾಗೆ ವಾದಿಸಿದ್ದಾರೆ, ಆ ವಾದವನ್ನು ತಳ್ಳಿಹಾಕುವಂತಿಲ್ಲ. ಚೆಂಡು ಬೇಗ ಕೈಬಿಟ್ಟರೆ ಲೈನ್ ಎಷ್ಟೇ ಚುರುಕಾಗಿದ್ದರೂ ತಲುಪಲಾರದು, ಆದರೆ ಪ್ರತಿ ಪಾಸ್‌ನಲ್ಲೂ ಯಾರಾದರೊಬ್ಬ ಕವರ್ ಮಾಡುತ್ತಲೇ ಇರಬೇಕು.

ಆದರೆ ನಡೆದು ಮುಗಿದ ಋತುವಿನಲ್ಲಿ ಯಾವುದು ಹೆಚ್ಚು ಬೆಲೆಬಾಳಿತು ಎಂಬುದು ಒಂದು ಪ್ರಶ್ನೆ, ಬರಲಿರುವ ಋತುವಿಗೆ ಯಾವುದನ್ನು ಕೊಳ್ಳಬೇಕು ಎಂಬುದು ಮತ್ತೊಂದು. ಕಾರ್ನರ್‌ಬ್ಯಾಕ್‌ಗಳ ಆಟ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಎದುರಾದ ಕ್ವಾರ್ಟರ್‌ಬ್ಯಾಕ್‌ಗಳು ಯಾರು, ಪಕ್ಕದ ಸೇಫ್ಟಿ ಯಾರು, ಕೋಚ್‌ನ ವ್ಯೂಹ ಯಾವುದು ಎಂಬುದರ ಮೇಲೆ ಅದು ನಿಂತಿರುತ್ತದೆ. ವೇಗ ಕೂದಲೆಳೆಯಷ್ಟು ಕುಂದಿದರೂ ಕಳೆದ ವರ್ಷದ ವೀರ ಈ ವರ್ಷ ಗುರಿಯಾಗುತ್ತಾನೆ. ಲೈನಿನವನು ಎದುರಿನವನನ್ನು ಒಂದು ವರ್ಷ ಸೋಲಿಸಿದರೆ ಮರುವರ್ಷವೂ ಸೋಲಿಸುವ ಸಂಭವ ಹೆಚ್ಚು. ಇದನ್ನು ಕವರೇಜ್‌ನ ಪರ ವಾದಿಸುವವರೂ ಒಪ್ಪುತ್ತಾರೆ. ನಾಲ್ಕು ವರ್ಷದ ಒಪ್ಪಂದಕ್ಕೆ ಸಹಿ ಹಾಕುವವನು ನೋಡಬೇಕಾದದ್ದು ಈ ಸ್ಥಿರತೆಯನ್ನೇ.

ತಂಡಗಳು ನಿಜಕ್ಕೂ ಹಾಗೆ ಹಣ ಕೊಡುತ್ತಿವೆಯೇ?

2025ರ ಆಗಸ್ಟ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಎಡ್ಜ್ ರಷರ್ ಮೈಕಾ ಪಾರ್ಸನ್ಸ್‌ನನ್ನು ಡಲ್ಲಸ್ ಕೌಬಾಯ್ಸ್‌ನಿಂದ ತರಿಸಿಕೊಳ್ಳಲು ಎರಡು ಮೊದಲ ಸುತ್ತಿನ ಆಯ್ಕೆಗಳ ಜೊತೆಗೆ ಕೆನ್ನಿ ಕ್ಲಾರ್ಕ್ ಎಂಬ ಟ್ಯಾಕಲ್‌ನನ್ನೂ ಕೊಟ್ಟು, ವರ್ಷಕ್ಕೆ ಸರಾಸರಿ 4.7 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡರು. ಅದಕ್ಕೆ ಒಂದು ತಿಂಗಳ ಹಿಂದೆ ಕಾರ್ನರ್‌ಬ್ಯಾಕ್‌ಗಳಲ್ಲೇ ಅತಿ ದೊಡ್ಡದೆನಿಸಿದ ಸಾಸ್ ಗಾರ್ಡ್‌ನರ್‌ನ ಒಪ್ಪಂದದ ಸರಾಸರಿ 3.01 ಕೋಟಿ. ಮಾರುಕಟ್ಟೆಯ ಅಭಿಪ್ರಾಯ ಈ ಅಂತರದಲ್ಲೇ ಇದೆ.

ಇದರಲ್ಲೇ ನನ್ನ ವಾದಕ್ಕೆ ಒಂದು ತೊಡಕೂ ಇದೆ. ಎಲ್ಲರೂ ಲೈನಿಗೆ ಮುಗಿಬಿದ್ದು ಬೆಲೆ ಗಗನಕ್ಕೇರಿದ ಮೇಲೆ ಅದೇ ಹಣಕ್ಕೆ ಒಬ್ಬ ಕಾರ್ನರ್‌ಬ್ಯಾಕ್ ಮತ್ತು ಒಬ್ಬ ಒಳ್ಳೆಯ ಸೇಫ್ಟಿ ಇಬ್ಬರೂ ಸಿಗುವುದಾದರೆ ಲೆಕ್ಕ ಬದಲಾಗುತ್ತದೆ. ಆದ್ದರಿಂದಲೇ ಲೈನನ್ನು ಸಂತೆಯಲ್ಲಿ ಕೊಳ್ಳುವುದಕ್ಕಿಂತ ಡ್ರಾಫ್ಟ್‌ನಲ್ಲಿ ಬೆಳೆಸುವುದು ಜಾಣತನ. ಡೊನಾಲ್ಡ್ 2014ರ ಡ್ರಾಫ್ಟ್‌ನ 13ನೆಯ ಆಯ್ಕೆ. ಈಗಲ್ಸ್ 2010ರಲ್ಲಿ ಬ್ರ್ಯಾಂಡನ್ ಗ್ರಹಾಂ, 2012ರಲ್ಲಿ ಫ್ಲೆಚರ್ ಕಾಕ್ಸ್, 2022ರಲ್ಲಿ ಜೋರ್ಡನ್ ಡೇವಿಸ್, 2023ರಲ್ಲಿ ಜೇಲನ್ ಕಾರ್ಟರ್ ಎಂದು ಮೊದಲ ಸುತ್ತಿನಲ್ಲಿ ಲೈನಿನವರನ್ನು ತರುತ್ತಲೇ ಇದ್ದರು.

ಸಿಯಾಟಲ್ ಸೀಹಾಕ್ಸ್ ಸೆಕೆಂಡರಿಯ ಬಲದಿಂದಲೇ ಗೆಲ್ಲಲಿಲ್ಲವೇ?

2013ರ ಆ ಸೆಕೆಂಡರಿಗೆ ಸಾಟಿ ಅಪರೂಪ, ಒಪ್ಪುತ್ತೇನೆ. ಆದರೆ ಅದು ಹೇಗೆ ಬಂತು ನೋಡಿ: ರಿಚರ್ಡ್ ಶರ್ಮನ್ ಮತ್ತು ಕ್ಯಾಮ್ ಚಾನ್ಸಲರ್ ಇಬ್ಬರೂ ಐದನೆಯ ಸುತ್ತಿನ ಆಯ್ಕೆಗಳು, ಬ್ರ್ಯಾಂಡನ್ ಬ್ರೌನರ್ ಕೆನಡಾದ ಲೀಗ್‌ನಿಂದ ಬಂದವನು; ಮೊದಲ ಸುತ್ತಿನವನು ಅರ್ಲ್ ಥಾಮಸ್ ಒಬ್ಬನೇ. ಈ ಸೆಕೆಂಡರಿ ಕೈಯಲ್ಲಿದ್ದೂ 2013ರ ಮಾರ್ಚ್‌ನಲ್ಲಿ ತಂಡ ಹಣ ಹಾಕಿದ್ದು ಲೈನಿಗೆ, ಮೈಕಲ್ ಬೆನೆಟ್ ಮತ್ತು ಕ್ಲಿಫ್ ಏವ್ರಿಲ್ ಎಂಬಿಬ್ಬರಿಗೆ. ಡೆನ್ವರ್ ಬ್ರಾಂಕೋಸ್ ವಿರುದ್ಧ 43-8ರಿಂದ ಗೆದ್ದ ಸೂಪರ್ ಬೌಲ್‌ನಲ್ಲಿ ಮಾಲ್ಕಮ್ ಸ್ಮಿತ್ ಚೆಂಡು ಕಸಿದು 69 ಗಜ ಓಡಿದ ಆಟವನ್ನು ಮತ್ತೊಮ್ಮೆ ನೋಡಿದರೆ, ಬ್ರಾಂಕೋಸ್ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಎಸೆಯುವ ಕ್ಷಣದಲ್ಲಿ ಅವನ ತೋಳಿಗೆ ಏವ್ರಿಲ್‌ನ ಹೊಡೆತ ಬಿದ್ದು ಚೆಂಡು ಗಾಳಿಪಟದಂತೆ ತೇಲಿದ್ದು ಕಾಣುತ್ತದೆ.

ಹಾಗಾದರೆ ಸೆಕೆಂಡರಿಯನ್ನು ಹಾಗೇ ಬಿಟ್ಟುಬಿಡಬಹುದೇ?

ಖಂಡಿತ ಬಿಡಬಾರದು. 2020ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಪಾಲಿಗೆ ಆದದ್ದು ಇದೇ. ನಿಕ್ ಬೋಸಾ, ಡಿಫಾರೆಸ್ಟ್ ಬಕ್ನರ್, ಆರಿಕ್ ಆರ್ಮ್‌ಸ್ಟೆಡ್ ಮೂವರೂ ಮೊದಲ ಸುತ್ತಿನ ಆಯ್ಕೆಗಳಾಗಿದ್ದ ಲೈನ್ ಅವರದು. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅವರು 20-10ರಿಂದ ಮುಂದಿದ್ದಾಗ ಎದುರಾಳಿ ಚೀಫ್ಸ್‌ಗೆ ಮೂರನೆಯ ಯತ್ನದಲ್ಲಿ 15 ಗಜ ಬೇಕಿತ್ತು. ಮಹೋಮ್ಸ್ ಬಹಳ ಹಿಂದಕ್ಕೆ ಸರಿದು, ಬಕ್ನರ್ ಬಂದು ಅಪ್ಪಳಿಸುವ ಮುನ್ನ ರಿಸೀವರ್ ಟೈರೀಕ್ ಹಿಲ್‌ನತ್ತ ಎಸೆದ. ಅಲ್ಲಿ ಸೆಕೆಂಡರಿಯವರು ಯಾರೂ ಇರಲಿಲ್ಲ. 44 ಗಜ ಹೋಯಿತು, ಅದರ ಹಿಂದೆಯೇ ಪಂದ್ಯವೂ 31-20ರಿಂದ ಕೈತಪ್ಪಿತು. ಲೈನ್ ತನ್ನ ಕೆಲಸವನ್ನು ಬಹುಮಟ್ಟಿಗೆ ಮಾಡಿತ್ತು.

ಈಗಲ್ಸ್ ಕೂಡ ಇದರ ಬಿಸಿ ಕಂಡವರೇ. 2002ರಲ್ಲಿ ಲಿಟೊ ಶೆಪರ್ಡ್ ಆದ ಮೇಲೆ 2024ರವರೆಗೆ ಅವರು ಮೊದಲ ಸುತ್ತಿನಲ್ಲಿ ಕಾರ್ನರ್‌ಬ್ಯಾಕ್‌ನನ್ನು ಆರಿಸಲೇ ಇಲ್ಲ. 2023ರಲ್ಲಿ ವಯಸ್ಸಾದ ಕಾರ್ನರ್‌ಬ್ಯಾಕ್‌ಗಳ ಮೇಲೆ ಎಸೆತಗಳ ಮಳೆ ಸುರಿದು, 10 ಗೆಲುವು, 1 ಸೋಲಿನಲ್ಲಿದ್ದ ತಂಡ 11 ಗೆಲುವು, 6 ಸೋಲುಗಳೊಂದಿಗೆ ಋತು ಮುಗಿಸಿತು. ಮರುವರ್ಷ ಮೊದಲ ಎರಡು ಆಯ್ಕೆಗಳನ್ನು ಕ್ವಿನ್ಯನ್ ಮಿಚೆಲ್ ಮತ್ತು ಡಿಜೀನ್‌ಗೆ ಮೀಸಲಿಟ್ಟರು. ಆ ವರ್ಷ ಮೊದಲ ಕಾರ್ನರ್‌ಬ್ಯಾಕ್ ಆಯ್ಕೆಯಾದದ್ದೇ 22ನೆಯ ಸ್ಥಾನದಲ್ಲಿ, ಅವನೇ ಮಿಚೆಲ್. ಲೈನ್ ಸಿದ್ಧವಿದ್ದ ತಂಡಕ್ಕೆ ಸೆಕೆಂಡರಿ ಸೇರಿದಾಗ ಒಂದೇ ವರ್ಷದಲ್ಲಿ ಫಲ ಬಂತು.

ಓಟದ ಆಟಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಚೆಂಡು ಹೊತ್ತು ಓಡುವವನನ್ನು ಮೊದಲು ಎದುರಿಸುವವರು ಲೈನಿನವರೇ. ಅವರಿಂದಲೇ ಓಟ ನಿಂತರೆ ಸೇಫ್ಟಿಯನ್ನು ಮುಂದಕ್ಕೆ ಕರೆತರುವ ಅಗತ್ಯವಿಲ್ಲ, ಅವನು ಹಿಂದೆಯೇ ನಿಂತು ಪಾಸ್ ಕಾಯಬಹುದು.

ಈ ಕ್ರಮ ಯಾವ ತಂಡಕ್ಕೆ ಒಪ್ಪುವುದಿಲ್ಲ?

ಈಗಾಗಲೇ ನಾಲ್ವರಿಂದ ಒತ್ತಡ ತರಬಲ್ಲ ತಂಡಕ್ಕೆ ಐದನೆಯ ತಾರೆಯಿಂದ ಸಿಗುವ ಲಾಭ ಕಡಿಮೆ. ಅಂಥವರು ಸೆಕೆಂಡರಿಗೇ ಹೋಗಬೇಕು. ಎದುರಾಳಿಯನ್ನು ಒಬ್ಬರಿಗೊಬ್ಬರಂತೆ ಅಂಟಿಕೊಂಡು ಕಾಯುವುದನ್ನೇ ನೆಚ್ಚಿದ ಕೋಚ್‌ಗೆ ಇಬ್ಬರು ಉತ್ತಮ ಕಾರ್ನರ್‌ಬ್ಯಾಕ್‌ಗಳಿಲ್ಲದೆ ಕೆಲಸವೇ ಸಾಗದು. ತನ್ನ ಸರದಿ ಬಂದಾಗ ಪಟ್ಟಿಯಲ್ಲಿ ಉಳಿದವರಲ್ಲಿ ಕಾರ್ನರ್‌ಬ್ಯಾಕ್ ಸ್ಪಷ್ಟವಾಗಿ ಮೇಲಿದ್ದರೆ, ಅಗತ್ಯದ ಹೆಸರಿನಲ್ಲಿ ಸಾಧಾರಣ ಟ್ಯಾಕಲ್‌ನನ್ನು ಆರಿಸುವುದು ತಪ್ಪು. ಇಂಥ ಹಟಕ್ಕೆ ಬಲಿಯಾದ ಡ್ರಾಫ್ಟ್‌ಗಳು ಕಡಿಮೆಯಿಲ್ಲ.

ಟಿವಿಯಲ್ಲಿ ನೋಡುವಾಗ ಲೈನಿನ ಆಟ ಗುರುತಿಸುವುದು ಹೇಗೆ?

ಸೆಕೆಂಡರಿಗೆ ಬೈಗುಳ ಹೆಚ್ಚಾಗಲು ಅರ್ಧ ಕಾರಣ ಕ್ಯಾಮೆರಾ. ಅದು ಚೆಂಡನ್ನು ಹಿಂಬಾಲಿಸುತ್ತದೆ. ಚೆಂಡು ಕೈಬಿಟ್ಟ ಮೇಲೆ ಪರದೆಯ ಮೇಲೆ ಉಳಿಯುವುದು ರಿಸೀವರ್ ಮತ್ತು ಅವನ ಹಿಂದೆ ಎರಡು ಗಜ ದೂರದಲ್ಲಿ ಓಡುತ್ತಿರುವ ಕಾರ್ನರ್‌ಬ್ಯಾಕ್. ಕ್ವಾರ್ಟರ್‌ಬ್ಯಾಕ್ ನಾಲ್ಕು ಸೆಕೆಂಡ್ ಆರಾಮವಾಗಿ ನಿಂತಿದ್ದ ಎಂಬುದು ಅಷ್ಟರಲ್ಲಿ ಮರೆತುಹೋಗಿರುತ್ತದೆ.

ಸೂಪರ್ ಬೌಲ್ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ಐದು ಗಂಟೆಗೆ ಶುರುವಾಗುತ್ತದೆ. ಕಾಫಿ ಹಿಡಿದು ಕುಳಿತವರು ಮೊದಲ ಕ್ವಾರ್ಟರ್‌ನಲ್ಲಿ ಚೆಂಡನ್ನು ಬಿಟ್ಟು ಸೆಂಟರ್ ಮತ್ತು ಅವನ ಅಕ್ಕಪಕ್ಕದ ಇಬ್ಬರು ಗಾರ್ಡ್‌ಗಳ ಕಾಲುಗಳನ್ನಷ್ಟೇ ನೋಡಲಿ. ಸ್ನ್ಯಾಪ್ ಆದ ಮೇಲೆ ಆ ಕಾಲುಗಳು ನಿಂತಲ್ಲೇ ನೆಲಕಚ್ಚಿ ನಿಂತಿವೆಯೋ ಅಥವಾ ಹಿಮ್ಮಡಿ ಊರಿ ಕ್ವಾರ್ಟರ್‌ಬ್ಯಾಕ್ ಕಡೆಗೆ ಜಾರುತ್ತಿವೆಯೋ ಎಂಬುದನ್ನು ಗಮನಿಸಿದರೆ, ಎಸೆತ ಎಲ್ಲಿಗೆ ಹೋಯಿತು ಎಂದು ನೋಡುವ ಮೊದಲೇ ಅದು ಹೇಗೆ ಹೋಗಿರಬಹುದು ಎಂಬ ಅಂದಾಜು ಸಿಗುತ್ತದೆ.